ಟವರ್ ಬೇಡ ಅಂದೆವು, ಕಿವಿಗಿಟ್ಟ ಫೋನ್ ಬಗ್ಗೆ ಯಾರೂ ಹೇಳಲಿಲ್ಲ: ದೂರಸಂಪರ್ಕ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕಾರ್ಯದರ್ಶಿಗಳು,
ದೂರಸಂಪರ್ಕ ಇಲಾಖೆ, ಭಾರತ ಸರ್ಕಾರ,
ಸಂಚಾರ ಭವನ, ನವದೆಹಲಿ

ವಿಷಯ: ಮೊಬೈಲ್ ವಿಕಿರಣದ ಬಗ್ಗೆ ಇಲಾಖೆ ಮಾಡಿದ ನಿಯಮಗಳು ಹಳ್ಳಿಯ ಅಂಗಡಿಯವರೆಗೆ ತಲುಪದೇ ಇರುವುದು.

ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಒಂದು ಸಣ್ಣ ಪೇಟೆಯಲ್ಲಿ ಹದಿನಾರು ವರ್ಷದಿಂದ ಮೊಬೈಲ್ ಅಂಗಡಿ ನಡೆಸುತ್ತಿದ್ದೇನೆ. ಸೆಟ್ ಮಾರುತ್ತೇನೆ, ಡಿಸ್‌ಪ್ಲೇ, ಬ್ಯಾಟರಿ ಬದಲಿಸುತ್ತೇನೆ, ಕರೆನ್ಸಿ ಹಾಕುತ್ತೇನೆ. ಸುತ್ತಲಿನ ಹತ್ತು ಹನ್ನೆರಡು ಹಳ್ಳಿಯವರು ಫೋನ್‌ಗೆ ಏನೇ ಆದರೂ ಬರುವುದು ನನ್ನ ಕೌಂಟರ್‌ಗೇ. ಹಾಗಾಗಿ ಫೋನ್ ಬಗ್ಗೆ ಹುಟ್ಟುವ ಹೆದರಿಕೆಗಳೂ ಮೊದಲು ಇಲ್ಲಿಗೇ ಬರುತ್ತವೆ.

"ರೇಡಿಯೇಷನ್ ಕಮ್ಮಿ ಇರೋ ಸೆಟ್ ಕೊಡಿ" ಅನ್ನುತ್ತಾರೆ. "ಟವರ್ ಹತ್ತಿರ ಮನೆ ಕಟ್ಟಬಹುದಾ?" ಅಂತ ಕೇಳುತ್ತಾರೆ. "ತೊಟ್ಟಿಲ ಪಕ್ಕ ಫೋನ್ ಇಟ್ಟರೆ ಮಗುವಿಗೆ ಏನಾದ್ರೂ ಆಗುತ್ತಾ?" ಅಂತ ಬಾಣಂತಿಯ ತಾಯಿ ಕೇಳುತ್ತಾರೆ. ನಾನು ಓದಿದ್ದು ಪಿಯುಸಿ. ಏನು ಹೇಳಬೇಕೋ ಗೊತ್ತಾಗದೆ ನಾನೇ ಒಂದಿಷ್ಟು ಓದಿದೆ, ತಿಳಿದವರನ್ನು ಕೇಳಿದೆ. ಓದುತ್ತಾ ಹೋದಂತೆ ಒಂದು ವಿಷಯ ತಿಳಿದು ಬೇಜಾರಾಯಿತು. ಈ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ನಿಮ್ಮ ಇಲಾಖೆ 2012ರಲ್ಲೇ ಉತ್ತರ ಬರೆದಿಟ್ಟಿದೆ. ಅದರಲ್ಲಿ ಒಂದು ಹಾಳೆಯೂ ಇಷ್ಟು ವರ್ಷದಲ್ಲಿ ನನ್ನ ಅಂಗಡಿಗೆ ಬಂದಿಲ್ಲ.

ಮೊದಲು ಇಲ್ಲಿ ಏನಾಯಿತು ಅಂತ ಹೇಳುತ್ತೇನೆ.

ನಮ್ಮ ಪೇಟೆಯಿಂದ ಸುಮಾರು ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ, ಶರಾವತಿ ಹಿನ್ನೀರಿನ ಕಡೆ, ಒಂದು ಹಳ್ಳಿ ಇದೆ. ಅಲ್ಲಿಗೆ ಕೆಲವು ವರ್ಷದ ಹಿಂದೆ ಟವರ್ ಬರುವುದಿತ್ತು. ಜಾಗ ಗುರುತು ಮಾಡಿ ಸುಣ್ಣ ಹಾಕಿದ್ದರು. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಮೆಸೇಜ್‌ಗಳು ಓಡಾಡತೊಡಗಿದವು. ಟವರ್ ಬಂದರೆ ಕ್ಯಾನ್ಸರ್ ಬರುತ್ತೆ, ಜೇನು ಓಡಿಹೋಗುತ್ತೆ, ಅಡಿಕೆ ಹಿಂಗಾರ ಒಣಗುತ್ತೆ, ಬಸುರಿಯರಿಗೆ ತೊಂದರೆ ಆಗುತ್ತೆ. ಗ್ರಾಮಸಭೆ ಕರೆದರು. ಕಂಪನಿ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಅವನ ಕೈಯಲ್ಲಿ ಪ್ರಮಾಣಪತ್ರ ಇತ್ತು, ಇಂಗ್ಲಿಷ್‌ನಲ್ಲಿ. ಅದನ್ನು ಓದಿ ಅರ್ಥ ಹೇಳಲು ಅವನಿಗೂ ಬರಲಿಲ್ಲ, ನಮಗೂ ಬರಲಿಲ್ಲ. ಒಬ್ಬ ಹೆಂಗಸು ಎದ್ದು ನಿಂತು, "ನಿನ್ನ ಮನೆ ಹಿಂದೆ ಹಾಕಿಸ್ಕೊಳ್ತೀಯೇನಪ್ಪ?" ಅಂತ ಕೇಳಿದರು. ಹುಡುಗ ತಲೆ ತಗ್ಗಿಸಿದ. ಅಲ್ಲಿಗೆ ಸಭೆ ಮುಗಿದ ಹಾಗೆ ಆಯಿತು. ಟವರ್ ಬೇಡ ಅಂತ ಮನವಿ ಬರೆದರು. ಅದಕ್ಕೆ ನಾನೂ ಸಹಿ ಹಾಕಿದ್ದೆ. ಟವರ್ ಬರಲಿಲ್ಲ.

ಆ ಸಹಿ ಬಗ್ಗೆ ಇವತ್ತು ನನಗೆ ಸಮಾಧಾನ ಇಲ್ಲ. ಯಾಕೆ ಅಂತ ಗೊತ್ತಾದದ್ದು ಒಂದು ಬ್ಯಾಟರಿಯಿಂದ.

ಅದೇ ಹಳ್ಳಿಯ ತೋಟದ ಯಜಮಾನರೊಬ್ಬರು ಒಂದೇ ವರ್ಷದಲ್ಲಿ ಮೂರು ಸಲ ಬ್ಯಾಟರಿ ಹಾಕಿಸಿಕೊಂಡು ಹೋದರು. ಮೂರನೇ ಸಲ ಸಿಟ್ಟಿನಲ್ಲೇ ಬಂದರು. "ನಿನ್ನ ಅಂಗಡೀಲಿ ಇಟ್ಟರೆ ಎರಡು ದಿನ ಬರುತ್ತೆ ಮಾರಾಯ, ಮನೆಗೆ ಒಯ್ದರೆ ಮಧ್ಯಾಹ್ನಕ್ಕೇ ಸತ್ತುಹೋಗುತ್ತೆ. ಇದೇನು ಮಾಟವಾ?" ಅಂದರು. ಬೈಕ್ ಹತ್ತಿ ಅವರ ಮನೆಗೆ ಹೋದೆ. ಇಡೀ ಮನೆಯಲ್ಲಿ ರೇಂಜ್ ಸಿಗುವುದು ಅಡುಗೆಮನೆಯ ಒಂದೇ ಕಿಟಕಿ ಹತ್ತಿರ. ಅಲ್ಲೂ ಒಂದೇ ಕಡ್ಡಿ. ಅದೂ ಹಿನ್ನೀರಿನ ಆಚೆ ದಡದ ಟವರ್‌ನಿಂದ ಬರುವುದು. ಕಿಟಕಿ ಪಕ್ಕ ಒಂದು ಮಣೆ ಹಾಕಿಟ್ಟಿದ್ದರು. ಅವರ ಸೊಸೆ ಆ ಮಣೆ ಮೇಲೆ ಕೂತು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚುತ್ತಾ ತವರಿನ ಜೊತೆ ಮಾತಾಡುತ್ತಿದ್ದರು. ಏಳು ತಿಂಗಳ ಬಸುರಿ. ದಿನಾ ಒಂದು ಗಂಟೆ ಹೀಗೇ ಮಾತು ಅಂತ ಅತ್ತೆ ಹೇಳಿದರು. ಫೋನ್ ಮುಟ್ಟಿ ನೋಡಿದೆ, ಇಸ್ತ್ರಿಪೆಟ್ಟಿಗೆ ಹಾಗೆ ಕಾದಿತ್ತು.

ಬ್ಯಾಟರಿ ತಪ್ಪಲ್ಲ, ಸೆಟ್ ತಪ್ಪೂ ಅಲ್ಲ. ಫೋನ್ ಅಂದರೆ ಕೇಳುವ ಯಂತ್ರ ಮಾತ್ರ ಅಲ್ಲ, ಕೂಗುವ ಯಂತ್ರವೂ ಹೌದು. ಟವರ್ ಹತ್ತಿರ ಇದ್ದರೆ ಪಿಸುಗುಟ್ಟಿದರೆ ಸಾಕು. ದೂರ ಇದ್ದರೆ ಗಂಟಲು ಹರಿಯುವ ಹಾಗೆ ಕೂಗಬೇಕು. ತೋಟದ ಆಚೆ ತುದಿಯಲ್ಲಿ ಇರುವವರನ್ನು ಕರೆಯುವಾಗ ನಾವು ದನಿ ಏರಿಸುವುದಿಲ್ವಾ, ಹಾಗೆಯೇ. 4ಜಿ ಫೋನ್ ಸಾಮಾನ್ಯವಾಗಿ ಹೆಚ್ಚೆಂದರೆ 0.2 ವ್ಯಾಟ್‌ನಷ್ಟು ಶಕ್ತಿಯಲ್ಲಿ ಅಲೆ ಬಿಡುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಅದೇ ಫೋನ್ ಅದರ ಸಾವಿರದಲ್ಲೊಂದು ಪಾಲಿಗೂ ಇಳಿಯಬಲ್ಲದು. ಒಂದೇ ಕಡ್ಡಿ ಇರುವ ಕಡೆ ಇಳಿಯುವ ಮಾತೇ ಇಲ್ಲ, ಹತ್ತಿರ ಹತ್ತಿರ ಪೂರ್ತಿ ಶಕ್ತಿಯಲ್ಲೇ ಕೂಗುತ್ತಿರುತ್ತದೆ. ಬ್ಯಾಟರಿ ಬೇಗ ಖಾಲಿಯಾಗುವುದು ಅದಕ್ಕೇ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಿವಿ ಬಿಸಿಯಾಗುವುದನ್ನೇ ಜನ ರೇಡಿಯೇಷನ್ ಅಂದುಕೊಳ್ಳುತ್ತಾರೆ. ಆ ಬಿಸಿ ಬಹುಪಾಲು ಬ್ಯಾಟರಿಯದ್ದು, ಒಳಗಿನ ಚಿಪ್‌ಗಳದ್ದು. ಆದರೆ ಫೋನ್ ಕಷ್ಟಪಟ್ಟು ದುಡಿಯುತ್ತಿದೆ ಅನ್ನುವುದಕ್ಕೆ ಅದು ಗುರುತು.

ಅಂದರೆ ನಾವು ಮಾಡಿದ್ದೇನು ನೋಡಿ. ಮುನ್ನೂರು ಮೀಟರ್ ದೂರದಲ್ಲಿ ಬರಬೇಕಿದ್ದ ಟವರ್‌ಗೆ ಹೆದರಿ ಅದನ್ನು ಓಡಿಸಿದೆವು. ಅದರಿಂದ ಕಿವಿಗೆ ಅಂಟಿಕೊಂಡಿರುವ ಫೋನ್ ಮೊದಲಿನ ಹಾಗೇ ಕೂಗುತ್ತಾ ಉಳಿಯಿತು. ದೂರ ಎರಡು ಪಟ್ಟಾದರೆ ಅಲೆಯ ಬಲ ಹೆಚ್ಚುಕಡಿಮೆ ಕಾಲು ಪಾಲಿಗೆ ಇಳಿಯುತ್ತದೆ. ಹಾಗಾಗಿ ನೂರಾರು ಮೀಟರ್ ಆಚೆಯ ದೊಡ್ಡ ಆಂಟೆನಾಕ್ಕಿಂತ ಕಿವಿಗೆ ತಾಗಿರುವ ಸಣ್ಣ ಆಂಟೆನಾದಿಂದಲೇ ತಲೆಗೆ ಸೇರುವುದು ಜಾಸ್ತಿ. ಟವರ್‌ನ ಆಂಟೆನಾ ಟಾರ್ಚ್ ಬಿಟ್ಟ ಹಾಗೆ ಮುಂದಕ್ಕೆ, ದೂರಕ್ಕೆ ಅಲೆ ಬಿಡುತ್ತದೆ. ನೇರ ಬುಡದಲ್ಲಿ ಕಮ್ಮಿ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಇಷ್ಟನ್ನು ಅವತ್ತಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಹೇಳುವ ಒಬ್ಬರೇ ಒಬ್ಬರು ಇದ್ದಿದ್ದರೆ ಆ ಕಿಟಕಿಯ ಪಕ್ಕದ ಮಣೆ ಇವತ್ತು ಅಲ್ಲಿ ಇರುತ್ತಿರಲಿಲ್ಲ.

ಹಾಗಂತ ಟವರ್ ಎಲ್ಲಿ ಬೇಕಾದರೂ ನಿಲ್ಲಿಸಲಿ ಅಂತ ನಾನು ಹೇಳುತ್ತಿಲ್ಲ. ಆಂಟೆನಾ ಎದುರಿಗೇ, ಅದೇ ಎತ್ತರದಲ್ಲಿ, ಯಾರದೋ ಮಲಗುವ ಕೋಣೆಯ ಕಿಟಕಿ ಇದ್ದರೆ ಅವರು ಪ್ರಶ್ನೆ ಕೇಳಲೇಬೇಕು. ಬೆಂಗಳೂರಿನಂಥ ಊರಿನಲ್ಲಿ ತಾರಸಿ ಮೇಲೆ ಆಂಟೆನಾ ಇರುವ ಕಡೆ ಆ ಪ್ರಶ್ನೆಗೆ ಅರ್ಥ ಇದೆ. ಜನರ ಆತಂಕ ಕೋರ್ಟಿನವರೆಗೂ ಹೋಗಿದೆ. ರಾಜಸ್ಥಾನ ಹೈಕೋರ್ಟ್ 2012ರಲ್ಲಿ ಶಾಲೆ, ಆಸ್ಪತ್ರೆಗಳ ಮೇಲಿನ ಟವರ್ ತೆಗೆಯಲು ಹೇಳಿತು. 2017ರಲ್ಲಿ ಗ್ವಾಲಿಯರ್‌ನ ಒಬ್ಬರ ದೂರಿನ ಮೇಲೆ ಸುಪ್ರೀಂ ಕೋರ್ಟ್ ಒಂದು ಟವರ್ ಬಂದ್ ಮಾಡಲು ಹೇಳಿತು. ಭಯ ಇರುವುದು ನಿಜ. ಭಯಕ್ಕೆ ಉತ್ತರ ಹೇಳಬೇಕಾದವರು ಊರಿಗೆ ಬರದೇ ಇರುವುದೇ ತೊಂದರೆ.

ಈಗ ನಿಮ್ಮ ನಿಯಮಗಳ ವಿಷಯಕ್ಕೆ ಬರುತ್ತೇನೆ.

2012ರ ಸೆಪ್ಟೆಂಬರ್ 1ರಿಂದ ನಿಮ್ಮ ಇಲಾಖೆ ಎರಡು ಒಳ್ಳೆಯ ಕೆಲಸ ಮಾಡಿತು. ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿತು. ಫೋನ್‌ಗಳಿಗೆ ಎಸ್‌ಎಆರ್ ಮಿತಿಯನ್ನು ಬಿಗಿ ಮಾಡಿತು. ಎಸ್‌ಎಆರ್ ಅಂದರೆ ಒಂದು ಕಿಲೋ ಮೈಭಾಗ ಎಷ್ಟು ವ್ಯಾಟ್ ಹೀರಿಕೊಳ್ಳುತ್ತದೆ ಅನ್ನುವ ಲೆಕ್ಕ. ಮೊದಲು ಹತ್ತು ಗ್ರಾಂ ಭಾಗದ ಸರಾಸರಿಯಲ್ಲಿ 2 ವ್ಯಾಟ್ ಇತ್ತು. ಅದನ್ನು ಒಂದು ಗ್ರಾಂ ಭಾಗದ ಸರಾಸರಿಯಲ್ಲಿ 1.6 ವ್ಯಾಟ್ ಮಾಡಿದಿರಿ. ಅಮೆರಿಕದಲ್ಲಿ ಇರುವುದೂ ಇದೇ ಮಿತಿ. ಫೋನ್‌ನಲ್ಲಿ *#07# ಒತ್ತಿದರೆ ಎಸ್‌ಎಆರ್ ಕಾಣಬೇಕು, ಮಾರುವ ಜಾಗದಲ್ಲೇ ಗಿರಾಕಿಗೆ ಆ ಮಾಹಿತಿ ಸಿಗಬೇಕು, ಸೆಟ್ ಜೊತೆ ಬರುವ ಪುಸ್ತಕದಲ್ಲಿ ಮುನ್ನೆಚ್ಚರಿಕೆ ಇರಬೇಕು ಅಂದಿರಿ. ಹ್ಯಾಂಡ್ಸ್‌ಫ್ರೀ ಬಳಸಿ, ಮಾತು ಚುಟುಕಾಗಿರಲಿ ಅಥವಾ ಮೆಸೇಜ್ ಕಳಿಸಿ, ಸಿಗ್ನಲ್ ಚೆನ್ನಾಗಿದ್ದಾಗ ಮಾತಾಡಿ, ಮಕ್ಕಳು, ಬಸುರಿಯರು ಇದನ್ನು ಹೆಚ್ಚಾಗಿ ಗಮನಿಸಿ, ಮೈಯೊಳಗೆ ವೈದ್ಯಕೀಯ ಸಾಧನ ಇದ್ದವರು ಫೋನನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಿ. ಇವೆಲ್ಲ ನೀವು ಹೇಳಿದ ಮಾತುಗಳೇ. ಒಂದೊಂದೂ ಸರಿಯಾದ ಮಾತು.

ಮಾನ್ಯರೇ, "ಮಾರುವ ಜಾಗ" ಅಂದರೆ ನಾನು. ನನಗೇ ಇದನ್ನು ಯಾರೂ ಹೇಳಲಿಲ್ಲ. ಡಿಸ್ಟ್ರಿಬ್ಯೂಟರ್ ಕಡೆಯವರು ಬರುತ್ತಾರೆ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಯಾವ ಮಾಡೆಲ್‌ಗೆ ಎಷ್ಟು ಕಮಿಷನ್ ಅಂತ ಹೇಳುತ್ತಾರೆ. ಗೋಡೆ ತುಂಬ ಪೋಸ್ಟರ್ ಅಂಟಿಸುತ್ತಾರೆ. ಎಸ್‌ಎಆರ್ ಅನ್ನುವ ಪದವನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ಡಬ್ಬಿಯಲ್ಲಿ ಬರುವ ಪುಸ್ತಕ ಬೆರಳಗಲ ಇರುತ್ತದೆ, ಇರುವೆ ಸಾಲಿನ ಹಾಗೆ ಅಕ್ಷರ. ನಾನು ಮಾರುವ ಸೆಟ್‌ಗಳಲ್ಲಿ ಕನ್ನಡದ ಪುಸ್ತಕ ಕಂಡದ್ದು ನೆನಪಿಲ್ಲ. ಗಿರಾಕಿ ಡಬ್ಬಿ ಬಿಚ್ಚುವುದು ನನ್ನ ಕೌಂಟರ್ ಮೇಲೇ. ಚಾರ್ಜರ್ ಇದೆಯಾ ನೋಡುತ್ತಾರೆ, ಕವರ್ ಇದೆಯಾ ನೋಡುತ್ತಾರೆ, ಪುಸ್ತಕವನ್ನು ಡಬ್ಬಿಯಲ್ಲೇ ಬಿಟ್ಟು ಹೋಗುತ್ತಾರೆ. ಅವರನ್ನು ದೂರುವುದು ಹೇಗೆ?

ಈಗ ನಾನು ಸೆಟ್ ಕೊಡುವ ಮುಂಚೆ *#07# ಒತ್ತಿ ತೋರಿಸುತ್ತೇನೆ. ಮೊನ್ನೆ ಒಬ್ಬ ಕಾಲೇಜು ಹುಡುಗಿಗೆ ತೋರಿಸಿದೆ. ತಲೆಗೆ 0.9, ಮೈಗೆ 0.7 ಅಂತ ಬಂತು. "ಇದು ಜಾಸ್ತಿನಾ ಕಮ್ಮಿನಾ ಅಣ್ಣಾ?" ಅಂದಳು. ಮಿತಿ 1.6, ಅದರೊಳಗೇ ಇದೆ ಅಂದೆ. "ಹಾಗಾದ್ರೆ 0.5 ಇರೋದು ಕೊಡಿ, ಅದು ಸೇಫ್ ಅಲ್ವಾ?" ಅಂದಳು. ನ್ಯಾಯವಾದ ಪ್ರಶ್ನೆ. ಆದರೆ ಉತ್ತರ ಅಷ್ಟು ಸುಲಭ ಇಲ್ಲ. ಈ ಅಂಕಿ ಬರುವುದು ಲ್ಯಾಬ್‌ನಲ್ಲಿ. ಫೋನ್ ಗರಿಷ್ಠ ಶಕ್ತಿಯಲ್ಲಿ ಅಲೆ ಬಿಡುವ ಹಾಗೆ ಮಾಡಿ, ತಲೆಯ ಆಕಾರದ ಅಚ್ಚಿನಲ್ಲಿ ತುಂಬಿದ ದ್ರವದಲ್ಲಿ ಅಳೆಯುತ್ತಾರೆ. ಮೈಯ ಅಳತೆಯನ್ನಂತೂ ಎಷ್ಟೋ ಸೆಟ್‌ಗಳಲ್ಲಿ ಫೋನ್ ಮೈಗೆ ತಾಗಿಸಿ ಮಾಡಿರುವುದಿಲ್ಲ, 5ರಿಂದ 15 ಮಿಲಿಮೀಟರ್ ಅಂತರ ಬಿಟ್ಟು ಮಾಡಿರುತ್ತಾರೆ. ಪ್ಯಾಂಟ್ ಜೇಬಿನಲ್ಲಿ ಅಷ್ಟು ಅಂತರ ಎಲ್ಲಿ ಬಂತು? ಅದಕ್ಕೂ ಮುಖ್ಯವಾದದ್ದು ಇನ್ನೊಂದಿದೆ. 0.9ರ ಸೆಟ್ ಹಿಡಿದು ನಾಲ್ಕು ಕಡ್ಡಿ ಇರುವ ಪೇಟೆಯಲ್ಲಿ ಮಾತಾಡಿದರೆ ತಲೆಗೆ ಹೋಗುವುದು ತೀರಾ ಕಮ್ಮಿ ಇರಬಹುದು. 0.5ರ ಸೆಟ್ ಹಿಡಿದು ಒಂದೇ ಕಡ್ಡಿಯ ಕಿಟಕಿ ಪಕ್ಕ ಮಾತಾಡಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಆಗಬಹುದು. ಸೆಟ್‌ನ ಅಂಕಿಗಿಂತ ಎಲ್ಲಿ ನಿಂತು, ಹೇಗೆ ಹಿಡಿದು ಮಾತಾಡುತ್ತೀರಿ ಅನ್ನುವುದು ದೊಡ್ಡದು. ಇದನ್ನು ಆ ಹುಡುಗಿಗೆ ಹೇಳಲು ನನಗೆ ಕಾಲು ಗಂಟೆ ಬೇಕಾಯಿತು. ಹಿಂದೆ ನಾಲ್ಕು ಜನ ಕರೆನ್ಸಿಗೆ ಕಾಯುತ್ತಿದ್ದರು. ಎಲ್ಲರಿಗೂ ಕಾಲು ಗಂಟೆ ಕೊಡಲು ನನಗೆ ಆಗುವುದಿಲ್ಲ. ಒಂದು ಕನ್ನಡದ ಹಾಳೆ ಇದ್ದಿದ್ದರೆ ಅದನ್ನೇ ಕೈಗೆ ಕೊಡುತ್ತಿದ್ದೆ.

ಕ್ಯಾನ್ಸರ್ ಬಗ್ಗೆಯೂ ಜನರಿಗೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಮೊಬೈಲ್ ಅಲೆ ಎಕ್ಸ್‌ರೇ ಥರದ್ದಲ್ಲ. ಎಕ್ಸ್‌ರೇ ಹಾಗೆ ಜೀವಕೋಶದ ಅಣುಗಳನ್ನು ಒಡೆಯುವ ಶಕ್ತಿ ಅದಕ್ಕಿಲ್ಲ. ಖಾತ್ರಿಯಾಗಿ ಗೊತ್ತಿರುವ ಪರಿಣಾಮ ಸ್ವಲ್ಪ ಬಿಸಿ ಮಾಡುವುದು, ಮಿತಿಗಳನ್ನು ಹಾಕಿರುವುದೂ ಅದನ್ನು ನೋಡಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರ ಮೇ ತಿಂಗಳಲ್ಲಿ ಈ ಅಲೆಗಳನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇದ್ದರೂ ಇರಬಹುದು" ಅನ್ನುವ 2ಬಿ ಗುಂಪಿಗೆ ಸೇರಿಸಿತು. ವಾಟ್ಸಾಪ್‌ನಲ್ಲಿ ಓಡಾಡುವುದು ಇಷ್ಟೇ. ಆಮೇಲೆ ಬಂದದ್ದನ್ನು ಯಾರೂ ಕಳಿಸುವುದಿಲ್ಲ. 10ರಿಂದ 24 ವರ್ಷದ ಒಳಗಿನವರ ಮೇಲೆ 14 ದೇಶಗಳಲ್ಲಿ ನಡೆದ ಮೊಬಿ ಕಿಡ್ಸ್ ಅಧ್ಯಯನದಲ್ಲಿ ನಮ್ಮ ದೇಶವೂ ಇತ್ತು. ಮೊಬೈಲ್ ಬಳಕೆಯಿಂದ ಮೆದುಳಿನ ಗಡ್ಡೆ ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ದೊಡ್ಡ ಪರಿಶೀಲನೆ 2024ರಲ್ಲಿ ಬಂತು. ಅದರಲ್ಲೂ ಮೊಬೈಲ್‌ಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಸಿಗಲಿಲ್ಲ. ಹಾಗಾದರೆ ಎಚ್ಚರಿಕೆ ಯಾಕೆ ಅಂತ ಕೇಳಬಹುದು. ಇವತ್ತಿನ ಮಕ್ಕಳು ಐದಾರು ವರ್ಷಕ್ಕೇ ಫೋನ್ ಹಿಡಿದು ಎಪ್ಪತ್ತು ವರ್ಷ ಬಳಸುತ್ತಾರೆ. ಅಷ್ಟು ವರ್ಷ ಬಳಸಿದವರು ಇನ್ನೂ ಯಾರೂ ಇಲ್ಲ. ಖರ್ಚಿಲ್ಲದೆ ಕಮ್ಮಿ ಮಾಡಿಕೊಳ್ಳಬಹುದಾದದ್ದನ್ನು ಕಮ್ಮಿ ಮಾಡಿಕೊಂಡರೆ ನಷ್ಟ ಏನು? ಸ್ಪೀಕರ್ ಹಾಕಿ ಒಂದು ಅಡಿ ದೂರ ಇಟ್ಟು ಮಾತಾಡಲು ಕಾಸು ಬೇಕಾಗಿಲ್ಲ.

ಸರಿಯಾದ ಮಾತು ಬಾರದ ಕಡೆ ಸುಳ್ಳು ಮಾಲು ಬರುತ್ತದೆ. ಕೆಲವು ವರ್ಷದ ಹಿಂದೆ ಒಬ್ಬ ಸೇಲ್ಸ್‌ನವನು ಚಿನ್ನದ ಬಣ್ಣದ ಸ್ಟಿಕರ್ ತಂದ. ನಾಣ್ಯದಷ್ಟು ಅಗಲ. ಫೋನ್ ಹಿಂದೆ ಅಂಟಿಸಿದರೆ ರೇಡಿಯೇಷನ್ ಹೀರಿಕೊಳ್ಳುತ್ತೆ ಅಂದ. ನಾನು ನಂಬಿದೆ. ಒಂದಕ್ಕೆ ನೂರೈವತ್ತು ರೂಪಾಯಿಯ ಹಾಗೆ ನಾಲ್ಕು ತಿಂಗಳು ಮಾರಿದೆ. ಹೆಚ್ಚಾಗಿ ತಗೊಂಡವರು ಅಮ್ಮಂದಿರು, ಮಕ್ಕಳ ಫೋನ್‌ಗೆ ಅಂತ. ಆಮೇಲೆ ಓದಿ ತಿಳಿಯಿತು, ಅಂಥ ಸ್ಟಿಕರ್ ಕೆಲಸ ಮಾಡುವುದಿಲ್ಲ. ಸಿಗ್ನಲ್‌ಗೆ ಅಡ್ಡಿಯಾದರೆ ಫೋನ್ ಇನ್ನೂ ಜಾಸ್ತಿ ಶಕ್ತಿ ಬಿಡಬೇಕಾಗುತ್ತದೆ ಅಂತ ಅಮೆರಿಕದ ಗ್ರಾಹಕ ರಕ್ಷಣೆಯ ಸರ್ಕಾರಿ ಸಂಸ್ಥೆಯೇ ಎಚ್ಚರಿಸಿದೆ. ಲೋಹದ ಹಾಳೆ ಇರುವ ಕವರ್ ಹಾಕಿ ನಾನೇ ನೋಡಿದ್ದೇನೆ, ಎರಡು ಕಡ್ಡಿ ಇದ್ದದ್ದು ಒಂದಕ್ಕೆ ಇಳಿಯಿತು. ಇನ್ನು ಕೆಲವರು *#07# ಒತ್ತಿ, "ನೋಡಿ, ಸ್ಟಿಕರ್ ಹಾಕಿದ ಮೇಲೆ ಇಷ್ಟೇ" ಅಂತ ತೋರಿಸುತ್ತಾರೆ. ಅಲ್ಲಿ ಕಾಣುವುದು ಫೋನ್‌ನಲ್ಲಿ ಮೊದಲೇ ಬರೆದಿಟ್ಟ ಅಂಕಿ, ಆ ಕ್ಷಣಕ್ಕೆ ಅಳೆದದ್ದಲ್ಲ. ಯಾರಾರಿಗೆ ಮಾರಿದ್ದೆ ಅಂತ ನೆನಪಿದ್ದವರಿಗೆಲ್ಲ ಹಣ ವಾಪಸ್ ಕೊಟ್ಟೆ. ನೆನಪಿಲ್ಲದವರ ಫೋನ್ ಹಿಂದೆ ಅದು ಇನ್ನೂ ಇದೆ. ಆ ಯೋಚನೆ ನನ್ನನ್ನು ಬಿಟ್ಟಿಲ್ಲ.

ಇನ್ನೊಂದು ಸಂಗತಿ. ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಎದೆಯಲ್ಲಿ ಪೇಸ್‌ಮೇಕರ್ ಇದೆ. ಫೋನ್ ಯಾವಾಗಲೂ ಅಂಗಿಯ ಎಡಗಡೆ ಜೇಬಿನಲ್ಲಿ, ಸಾಧನದ ಮೇಲೇ. ಹತ್ತಿರ ಇಡಬಾರದು ಅಂತ ಡಿಸ್ಚಾರ್ಜ್ ಕಾಗದದಲ್ಲಿ ಇತ್ತಂತೆ, ಇಂಗ್ಲಿಷ್‌ನಲ್ಲಿ. "ಒಂದು ಗೇಣು ದೂರ ಇರಲಿ ಸಾರ್, ಬಲಗಡೆ ಪ್ಯಾಂಟ್ ಜೇಬಲ್ಲಿ ಇಟ್ಕೊಳ್ಳಿ, ಬಲಗಿವಿಗೆ ಹಿಡಿದು ಮಾತಾಡಿ" ಅಂದೆ. ಎರಡು ವರ್ಷದಿಂದ ಯಾರೂ ಹೇಳಿರಲಿಲ್ಲ ಕಣಯ್ಯಾ ಅಂದರು. ನೀವು 2012ರಲ್ಲಿ ಬರೆದ ಸಾಲು, ಅದು ಬೇಕಾಗಿದ್ದವರಿಗೆ ತಲುಪಿದ್ದು ಹೀಗೆ, ಕರೆನ್ಸಿ ಹಾಕಿಸಲು ಬಂದಾಗ.

ಮಕ್ಕಳ ವಿಷಯ. 2020, 2021ರಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗ ನಮ್ಮ ಕಡೆ ಮಕ್ಕಳು ರೇಂಜ್ ಹುಡುಕಿ ಗುಡ್ಡ ಹತ್ತಿದರು. ಟಾರ್ಪಾಲು ಕಟ್ಟಿ, ಮಳೆಯಲ್ಲಿ, ಜಿಗಣೆ ಕಾಟದಲ್ಲಿ ಕೂತು ಪಾಠ ಕೇಳಿದರು. ಆ ಗುಡ್ಡಕ್ಕೆ ನೆಟ್‌ವರ್ಕ್ ಗುಡ್ಡ ಅಂತಲೇ ಹೆಸರಾಯಿತು. ಇವತ್ತಿಗೂ ಆಧಾರ್ ಒಟಿಪಿಗೆ, ಪಿಂಚಣಿಯ ಮೆಸೇಜ್‌ಗೆ, ಮಗಳ ಫೋನ್‌ಗೆ ವಯಸ್ಸಾದವರು ಅಲ್ಲಿಗೇ ಹತ್ತುತ್ತಾರೆ. ರೇಂಜ್ ಇಲ್ಲದಿರುವುದು ಬರೀ ಅನಾನುಕೂಲ ಅಂತ ನಿಮ್ಮ ಕಡತದಲ್ಲಿ ಬರೆದಿರಬಹುದು. ಕಿವಿಗೆ ಹೋಗುವ ಅಲೆಯ ಲೆಕ್ಕದಲ್ಲೂ ಅದು ಸೇರಬೇಕು.

ಈಗ ನನ್ನ ಬೇಡಿಕೆಗಳು.

ಮೊದಲನೆಯದು ಆ ಹಾಳೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಚಿತ್ರ ಹಾಕಿ, ಒಂದೇ ಒಂದು ಹಾಳೆ ಅಚ್ಚು ಹಾಕಿಸಿ. ರಾಜ್ಯದ ಎಲ್ಲ ಮೊಬೈಲ್ ಅಂಗಡಿಯ ಕೌಂಟರ್‌ಗೆ ಕಳಿಸಿ. ಅದರಲ್ಲಿ ಏನಿರಬೇಕು ಅಂತ ದಿನಾ ಗಿರಾಕಿಗಳ ಜೊತೆ ಮಾತಾಡುವ ನನಗೆ ಗೊತ್ತು. ಒಂದೇ ಕಡ್ಡಿ ಇದ್ದರೆ ಕಿವಿಗಿಡಬೇಡಿ, ಸ್ಪೀಕರ್ ಹಾಕಿ ಇಲ್ಲವೇ ವೈರ್ ಇರುವ ಇಯರ್‌ಫೋನ್ ಹಾಕಿ. ನಂಬರ್ ಒತ್ತಿದ ತಕ್ಷಣ ಕಿವಿಗಿಡದೆ ಆ ಕಡೆಯವರು ಎತ್ತಿದ ಮೇಲೆ ಇಡಿ, ಲೈನ್ ಹುಡುಕುವ ಹೊತ್ತಿನಲ್ಲಿ ಫೋನ್ ಜೋರಾಗಿ ಕೂಗುತ್ತಿರಬಹುದು. ಓಡುವ ಬಸ್ಸಿನಲ್ಲಿ, ಘಾಟಿಯಲ್ಲಿ ಉದ್ದುದ್ದ ಮಾತು ಬೇಡ. ರಾತ್ರಿ ದಿಂಬಿನ ಕೆಳಗೆ ಇಡಬೇಡಿ, ಅಲಾರಂ ಬೇಕಾದರೆ ಏರೋಪ್ಲೇನ್ ಮೋಡ್‌ನಲ್ಲಿಡಿ. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ಈ ಕೊನೆಯ ಮಾತನ್ನು ಯಾರೂ ಹೇಳುವುದೇ ಇಲ್ಲ. ನಮ್ಮ ಕಡೆ ತೋಟದ ಮನೆಗಳಿಗೂ ಈಗ ಫೈಬರ್ ಬಂದಿದೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಒತ್ತಿದರೆ ಫೋನ್ ಹಿನ್ನೀರಿನ ಆಚೆಗೆ ಕೂಗುವ ಬದಲು ಮನೆಯೊಳಗಿನ ಡಬ್ಬಿಯ ಜೊತೆ ಮೆಲ್ಲಗೆ ಮಾತಾಡುತ್ತದೆ. ಆ ಯಜಮಾನರ ಮನೆಯಲ್ಲಿ ಅದನ್ನೇ ಮಾಡಿಕೊಟ್ಟು ಬಂದೆ. ಬ್ಯಾಟರಿಗೆ ಅಂತ ಅವರು ಮತ್ತೆ ಬರಲಿಲ್ಲ.

ಎರಡನೆಯದು ಅಳತೆ. ನಿಮ್ಮ ತರಂಗ್ ಸಂಚಾರ್ ವೆಬ್‌ಸೈಟ್ 2017ರಿಂದ ಇದೆ. ಯಾವ ಟವರ್ ಎಲ್ಲಿದೆ, ಅದು ಮಿತಿಯೊಳಗೆ ಇದೆಯಾ ಅಂತ ಯಾರು ಬೇಕಾದರೂ ನೋಡಬಹುದು. ನಮ್ಮ ಗ್ರಾಮಸಭೆಯಲ್ಲಿ ಕೂತಿದ್ದ ನೂರಾರು ಜನರಲ್ಲಿ ಒಬ್ಬರಿಗೂ ಅದರ ಹೆಸರು ಗೊತ್ತಿರಲಿಲ್ಲ. ನಮ್ಮ ಮನೆ ಹತ್ತಿರ ಅಳೆದುಕೊಡಿ ಅಂತ ಅರ್ಜಿ ಹಾಕಲು 4,000 ರೂಪಾಯಿ ಕಟ್ಟಬೇಕು ಅಂತ ನಿಮ್ಮ ನಿಯಮ. ಕೂಲಿ ಮಾಡುವವರಿಗೆ ಅದು ಒಂದು ವಾರಕ್ಕೂ ಮೀರಿದ ದುಡಿಮೆ. ಗ್ರಾಮ ಪಂಚಾಯಿತಿ ಠರಾವು ಮಾಡಿ ಕೇಳಿದರೆ ಪುಕ್ಕಟೆಯಾಗಿ ಅಳೆದುಕೊಡಿ. ಬೆಂಗಳೂರಿನಲ್ಲಿರುವ ನಿಮ್ಮ ವಲಯ ಕಚೇರಿಯವರು ಮೀಟರ್ ಹಿಡಿದು ಊರಿಗೇ ಬರಲಿ. ಟವರ್ ಬುಡದಲ್ಲಿ ಅಳೆಯಲಿ, ಶಾಲೆ ಅಂಗಳದಲ್ಲಿ ಅಳೆಯಲಿ, ಆಮೇಲೆ ಒಂದೇ ಕಡ್ಡಿ ಇರುವ ಕಡೆ ಕಾಲ್‌ನಲ್ಲಿರುವ ಫೋನ್ ಪಕ್ಕವೂ ಅಳೆದು ಎಲ್ಲರೆದುರು ತೋರಿಸಲಿ. ನೂರು ಭಾಷಣ ಮಾಡಿದರೂ ತಿಳಿಯದ್ದು ಆ ಮುಳ್ಳು ಏರಿದ್ದು ನೋಡಿದರೆ ತಿಳಿಯುತ್ತದೆ. ಟವರ್ ಹಾಕುವ ಮೊದಲು ಈ ಕೆಲಸ ಆಗಲಿ, ಗಲಾಟೆ ಆದ ಮೇಲಲ್ಲ. ಮಾತಾಡುವವರು ಕನ್ನಡದಲ್ಲಿ ಮಾತಾಡಲಿ.

ಸೆಟ್‌ಗಳನ್ನೂ ಅಳೆಯಿರಿ. 2023ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ಸರ್ಕಾರದ ಸಂಸ್ಥೆ ಐಫೋನ್ 12 ಅನ್ನು ಪರೀಕ್ಷಿಸಿತು. ಕೈಯಲ್ಲಿ ಹಿಡಿದಾಗ, ಜೇಬಿನಲ್ಲಿಟ್ಟಾಗ ಇರಬೇಕಾದ ಎಸ್‌ಎಆರ್ ಮಿತಿ ಅಲ್ಲಿ ಬೇರೆ, 4 ವ್ಯಾಟ್; ಅಳತೆ 5.74 ಬಂತು. ಮಾರಾಟ ನಿಲ್ಲಿಸಿತು. ಅಷ್ಟು ದೊಡ್ಡ ಕಂಪನಿ ಸಾಫ್ಟ್‌ವೇರ್ ಬದಲಿಸಿ ಕೊಡಬೇಕಾಯಿತು. ಹಾಗೆ ನಮ್ಮಲ್ಲೂ ಅಂಗಡಿಯಿಂದಲೇ ಸೆಟ್ ಕೊಂಡುಹೋಗಿ ಅಳೆದು, ಯಾವ ಮಾಡೆಲ್‌ಗೆ ಎಷ್ಟು ಬಂತು ಅಂತ ಅಂಗಡಿಯವರಿಗೂ ಗಿರಾಕಿಗೂ ಸಿಗುವ ಹಾಗೆ ಪ್ರಕಟಿಸಿ. ಹೆಚ್ಚಾಗಿ ಏಳೆಂಟು ಸಾವಿರದ ಸೆಟ್‌ಗಳನ್ನು ಅಳೆಯಿರಿ. ಹಳ್ಳಿ ಕೊಳ್ಳುವುದು ಅದನ್ನೇ.

ಡಬ್ಬಿಯಲ್ಲಿ ಇಯರ್‌ಫೋನ್ ಮತ್ತೆ ಬರುವಂತೆ ಮಾಡಿ. ಮೊದಲು ಎಷ್ಟೋ ಸೆಟ್‌ಗಳ ಜೊತೆ ಬರುತ್ತಿತ್ತು, ಈಗ ನಿಂತೇ ಹೋಗಿದೆ. ಫ್ರಾನ್ಸ್‌ನವರು 2010ರಲ್ಲೇ ಅದಕ್ಕೆ ಕಾನೂನು ಮಾಡಿದ್ದರು. ರೇಡಿಯೇಷನ್ ತಡೆಯುತ್ತೆ ಅಂತ ಸ್ಟಿಕರ್, ಚಿಪ್ ಮಾರುವವರ ಮೇಲೆ ಕ್ರಮ ಕೈಗೊಳ್ಳಿ. ನನ್ನಂಥ ಅಂಗಡಿಯವರಿಗೆ ಮೊದಲು ತಿಳಿಸಿ ಹೇಳಿ. ನಮ್ಮಲ್ಲಿ ಹೆಚ್ಚಿನವರು ಮೋಸಗಾರರಲ್ಲ, ಗೊತ್ತಿಲ್ಲದೆ ಮಾರುತ್ತಿದ್ದೇವೆ.

ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಒಂದು ದಿನದ ತರಬೇತಿ ಕೊಡಲು ರಾಜ್ಯ ಸರ್ಕಾರದ ಜೊತೆ ಮಾತಾಡಿ. ಬಸುರಿಯರ ಮನೆಗೆ ಹೋಗುವವರು ಅವರೇ. ಹೆದರಿಸುವುದು ಬೇಡ, ಸ್ಪೀಕರ್ ಹಾಕಿಕೊಳ್ಳಮ್ಮ ಅಂತ ಹೇಳಿದರೆ ಸಾಕು.

ಕೊನೆಯದಾಗಿ ಆ ಹಳ್ಳಿಯ ಟವರ್. ಬೇಡ ಅಂತ ಬರೆದುಕೊಟ್ಟವರಲ್ಲಿ ನಾನೂ ಒಬ್ಬ, ಹಾಗಾಗಿ ಕೇಳುವ ಹೊಣೆಯೂ ನನ್ನದು. ಆ ಕಡತವನ್ನು ಮತ್ತೆ ತೆಗೆಯಿರಿ. ಜಾಗ ಬೇಕಾದರೆ ಸ್ವಲ್ಪ ಆಚೆ ಸರಿಸಿ, ಮನೆಗಳಿಗೆ ಎದುರಾಗದ ಹಾಗೆ ಆಂಟೆನಾ ಇಡಿ, ಊರವರ ಎದುರು ಅಳೆದು ತೋರಿಸಿ. ಈ ಸಲ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಲು ನಾನು ತಯಾರಿದ್ದೇನೆ. ಅವತ್ತು ಪ್ರಶ್ನೆ ಕೇಳಿದ ಆ ಹೆಂಗಸಿನ ಮನೆಗೂ ಹೋಗಿ ಮಾತಾಡಿ ಬಂದಿದ್ದೇನೆ. ಅಳೆದು ತೋರಿಸಿದರೆ ಒಪ್ಪುತ್ತೇನೆ ಅಂದಿದ್ದಾರೆ.

ಬರುವವರು ಮಳೆಗಾಲ ಕಳೆದ ಮೇಲೆ ಬಂದರೆ ಒಳ್ಳೆಯದು, ಆಗ ಗುಡ್ಡದ ದಾರಿ ಜಾರುವುದಿಲ್ಲ. ಸಂತೆಯ ದಿನ ಬೆಳಿಗ್ಗೆ ಬಂದರೆ ಸುತ್ತಲಿನ ಎಲ್ಲ ಹಳ್ಳಿಯವರೂ ಪೇಟೆಯಲ್ಲೇ ಸಿಗುತ್ತಾರೆ. ಹಾಳೆ ಅಚ್ಚಾಗುವುದು ತಡವಾದರೆ ಅದರ ಬರಹವನ್ನಾದರೂ ಕಳಿಸಿ. ಝೆರಾಕ್ಸ್ ಮಿಷನ್ ನನ್ನ ಅಂಗಡಿಯಲ್ಲೇ ಇದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಮೊಬೈಲ್ ಅಂಗಡಿಯ ಮಾಲೀಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ